ರಸ್ತೆಯಲ್ಲಿ ಬಸ್ ಪಥ ಮೀಸಲು: ಆಕ್ಷೇಪಣೆ ಸಲ್ಲಿಸುವ ವಿಧಾನ
(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

ಪೀಠಿಕೆ

ಕಾರು ಮೊದಲಾದ ಖಾಸಗಿ ವಾಹನಗಳು ಸಂಚರಿಸುವ ರಸ್ತೆಯ ಒಂದು ಭಾಗವನ್ನು ಬಸ್ಸುಗಳಿಗಾಗಿ ಮಾತ್ರ ಮೀಸಲಿಡುವುದಕ್ಕೆ ಬಸ್ ಪಥವೆಂದು ಹೆಸರು. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಇಂತಹ ಪ್ರತ್ಯೇಕ ಪಥ ಇರುವುದಿಲ್ಲ. ಆದರೆ ಏಕಮುಖ ಸಂಚಾರ, ವಾಹನ ನಿಲುಗಡೆ ನಿಷೇಧ, ಬಸ್ ನಿಲ್ದಾಣದ ಸ್ಥಳಾಂತರ ಮುಂತಾದ ಸಂಚಾರ ನಿರ್ಬಂಧಗಳಿಗೂ ಬಸ್ ಪಥಕ್ಕೂ ಅನ್ವಯವಾಗುವ ಕಾನೂನು ಬಹುಮಟ್ಟಿಗೆ ಒಂದೇ ಆಗಿದೆ. ಇಂತಹ ಪ್ರಸ್ತಾವನೆಯಿಂದ ತೊಂದರೆಯಾಗುವುದೆಂದು ಭಾವಿಸುವ ನಾಗರಿಕರು ಯಾರಿಗೆ, ಯಾವಾಗ ಮತ್ತು ಹೇಗೆ ಮನವಿ ಸಲ್ಲಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇತರ ನಗರಗಳ ಅನುಭವ

ರಾಜ್ಯದಲ್ಲಿ ಪೂರ್ಣ ಪ್ರಮಾಣದ ಬಸ್ ಪಥ ನಿರ್ಮಾಣವಾದದ್ದು ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲಿ. ಸುಮಾರು 22 ಕಿ.ಮೀ. ಉದ್ದದ ಈ ಮಾರ್ಗದಲ್ಲಿ ರಸ್ತೆಯ ಮಧ್ಯಭಾಗವನ್ನು ಬಸ್ಸುಗಳಿಗೆ ಮೀಸಲಿಡಲಾಯಿತು. 2018ರ ಅಕ್ಟೋಬರ್‌ನಲ್ಲಿ 'ಚಿಗರಿ' ಬಸ್ಸುಗಳ ಸಂಚಾರ ಆರಂಭವಾಗಿ, 2020ರ ಫೆಬ್ರವರಿ 2ರಂದು ಯೋಜನೆಯ ಅಧಿಕೃತ ಉದ್ಘಾಟನೆ ನೆರವೇರಿತು. ಬಸ್ ಪ್ರಯಾಣಿಕರಿಗೆ ಸಮಯದ ಉಳಿತಾಯವಾದರೂ, ಉಳಿದ ವಾಹನಗಳಿಗೆ ರಸ್ತೆ ಇಕ್ಕಟ್ಟಾಯಿತೆಂದೂ, ಪಾದಚಾರಿಗಳು ರಸ್ತೆ ದಾಟುವುದು ಕಷ್ಟವಾಯಿತೆಂದೂ, ಮೀಸಲು ಪಥವನ್ನು ಎಲ್ಲ ವಾಹನಗಳಿಗೆ ತೆರೆಯಬೇಕೆಂದೂ ಅಲ್ಲಿನ ನಾಗರಿಕರು ಹಲವು ಬಾರಿ ಒತ್ತಾಯಿಸಿದ್ದಾರೆ.

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿ ಕಡೆಗೆ ಬಸ್ ಆದ್ಯತಾ ಪಥವನ್ನು ಗುರುತಿಸಲಾಯಿತು. ಮುಂದೆ ಮೆಟ್ರೊ ಕಾಮಗಾರಿ ಆರಂಭವಾದ ಬಳಿಕ ಆ ವ್ಯವಸ್ಥೆ ಉಳಿಯಲಿಲ್ಲ.

ದೆಹಲಿಯಲ್ಲಿ ಅಂಬೇಡ್ಕರ್ ನಗರ–ಮೂಲಚಂದ್ ನಡುವಿನ ಬಸ್ ಪಥ 2008ರಲ್ಲಿ ಆರಂಭವಾಯಿತು. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ದೆಹಲಿ ಉಚ್ಚ ನ್ಯಾಯಾಲಯವು 2012ರ ಅಕ್ಟೋಬರ್‌ನಲ್ಲಿ ವಜಾಗೊಳಿಸಿತು. ಆದರೂ ಸಾರ್ವಜನಿಕ ವಿರೋಧ ಮುಂದುವರಿದು, ಸರ್ಕಾರದ ತೀರ್ಮಾನದಂತೆ 2016ರಲ್ಲಿ ಆ ಪಥವನ್ನು ತೆಗೆದುಹಾಕಲಾಯಿತು. ನ್ಯಾಯಾಲಯದಲ್ಲಿ ದೊರೆಯದ ಪರಿಹಾರವು ಆಡಳಿತಾತ್ಮಕ ಮರುಪರಿಶೀಲನೆಯಿಂದ ದೊರೆಯುವ ಸಾಧ್ಯತೆ ಇದೆ ಎಂಬುದು ಇದರಿಂದ ತಿಳಿದುಬರುತ್ತದೆ. ನಿರ್ಮಾಣಕ್ಕೆ ಮುನ್ನವೇ ಆಕ್ಷೇಪಣೆಗಳ ಪರಿಶೀಲನೆಯಾದಲ್ಲಿ ಸಾರ್ವಜನಿಕ ಹಣದ ವ್ಯರ್ಥ ವೆಚ್ಚವನ್ನು ತಪ್ಪಿಸಬಹುದು.

ಕಾನೂನಿನ ಅವಕಾಶಗಳು

1. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 115ರ ಮೇರೆಗೆ ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲದ ದೃಷ್ಟಿಯಿಂದ, ಅಥವಾ ರಸ್ತೆ ಇಲ್ಲವೇ ಸೇತುವೆಯ ಸ್ವರೂಪದ ಕಾರಣದಿಂದ ವಾಹನ ಸಂಚಾರವನ್ನು ನಿರ್ಬಂಧಿಸಲು ಅಧಿಕಾರವಿದೆ. ಇದಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಅಗತ್ಯ. ನಿರ್ಬಂಧದ ಅವಧಿ ಒಂದು ತಿಂಗಳನ್ನು ಮೀರದಿದ್ದಲ್ಲಿ ಸ್ಥಳೀಯ ಪ್ರಚಾರ ಸಾಕಾಗುತ್ತದೆ.

2. ಕಲಂ 116 ಸಂಚಾರ ಸಂಕೇತ ಫಲಕಗಳಿಗೆ ಹಾಗೂ ಕಲಂ 117 ವಾಹನ ನಿಲುಗಡೆ ಮತ್ತು ತಂಗುವ ಸ್ಥಳಗಳಿಗೆ ಸಂಬಂಧಿಸಿವೆ. ನಿಲುಗಡೆ ಸ್ಥಳ ನಿಗದಿಪಡಿಸುವಾಗ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಬೇಕಾಗುತ್ತದೆ.

3. ಜಿಲ್ಲೆಯಲ್ಲಿ ಈ ಅಧಿಕಾರವನ್ನು ಕರ್ನಾಟಕ ಮೋಟಾರು ವಾಹನಗಳ ನಿಯಮಾವಳಿ, 1989ರ ನಿಯಮ 221(ಎ) ಅನ್ವಯ ಜಿಲ್ಲಾ ದಂಡಾಧಿಕಾರಿಗಳು ಚಲಾಯಿಸುತ್ತಾರೆ.

ಆಕ್ಷೇಪಣೆ ಆಹ್ವಾನಿಸಲು ಇಂತಿಷ್ಟು ದಿನಗಳ ಕಾಲಾವಕಾಶ ನೀಡಬೇಕೆಂದು ಕಲಂ 115ರಲ್ಲಿ ನಮೂದಿಸಿರುವುದಿಲ್ಲ. ಆದ್ದರಿಂದ ಅಧಿಸೂಚನೆಗಾಗಿ ಕಾಯದೆ, ಪ್ರಸ್ತಾವನೆಯು ಸ್ಥಳೀಯ ಸಂಸ್ಥೆಯ ಸಭೆಯಲ್ಲಿ ಅಥವಾ ಪೊಲೀಸ್ ಮತ್ತು ಸಾರಿಗೆ ಅಧಿಕಾರಿಗಳ ವರದಿಯ ಹಂತದಲ್ಲಿ ಇರುವಾಗಲೇ ಮನವಿ ಸಲ್ಲಿಸುವುದು ಸೂಕ್ತ.

ರಸ್ತೆ ಅಗಲೀಕರಣಕ್ಕಾಗಿ ಖಾಸಗಿ ಭೂಮಿಯ ಅಗತ್ಯವಿದ್ದಲ್ಲಿ ಬೇರೆ ಕಾಲಮಿತಿ ಅನ್ವಯಿಸುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ, 1956ರ ಕಲಂ 3ಸಿ ಪ್ರಕಾರ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ, 2013ರ ಭೂಸ್ವಾಧೀನ ಕಾಯ್ದೆಯ ಕಲಂ 15ರ ಪ್ರಕಾರ ಪ್ರಾಥಮಿಕ ಅಧಿಸೂಚನೆಯ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು. ಅವಧಿ ಮೀರಿದ ಆಕ್ಷೇಪಣೆಯಿಂದ ಭೂಮಾಲೀಕರು ತಮ್ಮ ಹಕ್ಕನ್ನು ಕಳೆದುಕೊಳ್ಳುವ ಸಂಭವವಿರುತ್ತದೆ.

ಯಾರಿಗೆ ಸಲ್ಲಿಸಬೇಕು

ರಸ್ತೆಯ ಒಡೆತನವನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅವಶ್ಯಕ.

ಅ) ರಾಷ್ಟ್ರೀಯ ಹೆದ್ದಾರಿ 66 (ಹಿಂದಿನ ರಾ.ಹೆ. 17): ಈ ಮೂರೂ ತಾಲ್ಲೂಕುಗಳ ಮೂಲಕ ಹಾದುಹೋಗುವ ಹೆದ್ದಾರಿ ಇದಾಗಿದ್ದು, ಮನವಿಯನ್ನು ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಸಲ್ಲಿಸಬೇಕು.
ಆ) ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು: ಲೋಕೋಪಯೋಗಿ ಇಲಾಖೆ.
ಇ) ಪಟ್ಟಣದ ಒಳರಸ್ತೆಗಳು: ಕುಂದಾಪುರ ಪುರಸಭೆ, ಬೈಂದೂರು ಪಟ್ಟಣ ಪಂಚಾಯಿತಿ ಅಥವಾ ಸಂಬಂಧಿಸಿದ ಸ್ಥಳೀಯ ಸಂಸ್ಥೆ.

ಯಾವುದೇ ರಸ್ತೆಯಾದರೂ ಮನವಿಯ ಒಂದು ಪ್ರತಿಯನ್ನು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಗೂ, ಇನ್ನೊಂದನ್ನು ಕುಂದಾಪುರದ ಉಪವಿಭಾಗಾಧಿಕಾರಿಗಳ ಕಚೇರಿಗೂ ನೀಡಿ ಸ್ವೀಕೃತಿ ಪಡೆಯಬೇಕು.

ಆಕ್ಷೇಪಣೆಯಲ್ಲಿ ಇರಬೇಕಾದ ಅಂಶಗಳು

'ಕಾರಿಗೆ ತೊಂದರೆಯಾಗುತ್ತದೆ' ಎಂಬ ಒಂದೇ ಕಾರಣ ನೀಡಿದ ಮನವಿಗೆ ಹೆಚ್ಚಿನ ಬಲವಿರುವುದಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ರಸ್ತೆಯ ಹಂಚಿಕೆಯಲ್ಲಿ ವಾಹನಗಳಿಗಿಂತ ಜನರಿಗೆ ಪ್ರಾಧಾನ್ಯ ನೀಡಿದೆ. ಬಸ್ಸಿನಲ್ಲಿ ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗುವವರೂ ಇದೇ ಊರಿನ ನಾಗರಿಕರು. ಆದುದರಿಂದ ಎಷ್ಟು ಜನ ಸಾಗುತ್ತಾರೆ ಎಂಬ ಲೆಕ್ಕವೇ ಮುಖ್ಯವಾಗುತ್ತದೆ.

ಉದಾಹರಣೆ: ಒಂದು ಪಥದಲ್ಲಿ ಗಂಟೆಗೆ 500 ಕಾರುಗಳು ತಲಾ 2 ಜನರಂತೆ ಸಾಗಿದರೆ 1,000 ಜನರಾಗುತ್ತಾರೆ. ಅದೇ ಪಥವನ್ನು ಬಸ್ಸಿಗೆ ಮೀಸಲಿಟ್ಟು, ಗಂಟೆಗೆ 10 ಬಸ್ಸುಗಳು ತಲಾ 40 ಜನರಂತೆ ಸಾಗಿದರೆ 400 ಜನರು ಮಾತ್ರ. ಬಸ್ಸುಗಳ ಸಂಖ್ಯೆ 40 ಆದಲ್ಲಿ 1,600 ಜನರಾಗುತ್ತಾರೆ. ಬಸ್ಸುಗಳ ಸಂಖ್ಯೆ ಕಡಿಮೆ ಇರುವ ರಸ್ತೆಯಲ್ಲಿ ಆಕ್ಷೇಪಣೆಗೆ ಬಲವಿದೆ. ಹೆಚ್ಚಿರುವಲ್ಲಿ ಬಸ್ ಪಥಕ್ಕೆ ಬಲವಿದೆ. ಅರ್ಜಿದಾರರು ಬೆಳಿಗ್ಗೆ ಮತ್ತು ಸಂಜೆ ತಲಾ ಒಂದು ಗಂಟೆ ಇಂತಹ ಎಣಿಕೆ ನಡೆಸಿ, ದಿನಾಂಕ ಮತ್ತು ಸ್ಥಳದೊಂದಿಗೆ ಲಗತ್ತಿಸಬಹುದು.

ಇದಲ್ಲದೆ ಈ ಕೆಳಕಂಡ ಅಂಶಗಳನ್ನು ನಮೂದಿಸುವುದು ಉಪಯುಕ್ತ:

1. ರಸ್ತೆಯ ಹೆಸರು, ಭಾಗ ಮತ್ತು ಲಭ್ಯವಿರುವ ಅಗಲ.
2. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಮತ್ತು ಶಾಲಾ ವಾಹನಗಳ ಮೇಲಾಗುವ ಪರಿಣಾಮ.
3. ಗಂಗೊಳ್ಳಿ ಬಂದರಿನ ಮೀನಿನ ಲಾರಿಗಳು, ಕೊಲ್ಲೂರು ಯಾತ್ರಿಕರ ವಾಹನಗಳು ಮುಂತಾದ ಹಂಗಾಮಿ ಸಂಚಾರದ ಒತ್ತಡ.
4. ಅಂಗಡಿಗಳ ಮುಂದೆ ಸರಕು ಇಳಿಸುವ ಸ್ಥಳ ಮತ್ತು ಆಟೋರಿಕ್ಷಾ ನಿಲ್ದಾಣ.
5. ಮಳೆಗಾಲದಲ್ಲಿ ನೀರು ನಿಲ್ಲುವ ಭಾಗಗಳು.
6. ಪರ್ಯಾಯ ಸಲಹೆ: ದಟ್ಟಣೆಯ ಸಮಯದಲ್ಲಿ ಮಾತ್ರ ಮೀಸಲು, ಬಸ್ ತಂಗುವ ಕೊಲ್ಲಿಗಳ ನಿರ್ಮಾಣ, ಸರ್ವಿಸ್ ರಸ್ತೆಯ ದುರಸ್ತಿ ಇತ್ಯಾದಿ.

ಮಾಹಿತಿ ಪಡೆಯುವುದು ಮತ್ತು ಮುಂದಿನ ಕ್ರಮ

ಪ್ರಸ್ತಾವನೆ, ನಕ್ಷೆ ಮತ್ತು ಸಂಚಾರ ಸಮೀಕ್ಷೆಯ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಪಡೆಯಬಹುದು. ಅರ್ಜಿ ಶುಲ್ಕ ರೂ. 10. ರಾಜ್ಯದ ಕಚೇರಿಗಳಿಗೆ ಸಲ್ಲಿಸುವ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳನ್ನು ಮೀರದಂತಿರಬೇಕು. 30 ದಿನಗಳಲ್ಲಿ ಮಾಹಿತಿ ದೊರೆಯದಿದ್ದಲ್ಲಿ ನಂತರದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು.

ಮನವಿಗೆ ಉತ್ತರ ಬಾರದಿದ್ದಲ್ಲಿ 'ಜನಸ್ಪಂದನ' ಸಹಾಯವಾಣಿ 1902ರಲ್ಲಿ ದೂರು ದಾಖಲಿಸಿ ನೋಂದಣಿ ಸಂಖ್ಯೆ ಪಡೆಯಬೇಕು. ಸುರಕ್ಷತೆಯ ಪ್ರಶ್ನೆಯಿದ್ದಲ್ಲಿ ವಿಷಯವನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿಡುವಂತೆ ಕೋರಬಹುದು. ಅಧಿಸೂಚನೆ ಹೊರಬಿದ್ದ ನಂತರವೂ ಮಾರ್ಪಾಡು ಕೋರಿ ಜಿಲ್ಲಾ ದಂಡಾಧಿಕಾರಿಗಳಿಗೆ ಮನವಿ ಸಲ್ಲಿಸಲು ಅಡ್ಡಿಯಿಲ್ಲ. ಅಂತಿಮವಾಗಿ ಸಂವಿಧಾನದ 226ನೇ ಅನುಚ್ಛೇದದಡಿ ಉಚ್ಚ ನ್ಯಾಯಾಲಯದ ಬೆಂಗಳೂರು ಪ್ರಧಾನ ಪೀಠದಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು.

ಸೂಚನೆ: ಆಕ್ಷೇಪಣೆ ಸಲ್ಲಿಸಿದ ಮಾತ್ರಕ್ಕೆ ಜಾರಿಯಲ್ಲಿರುವ ನಿರ್ಬಂಧ ರದ್ದಾಗುವುದಿಲ್ಲ. ಕಾಯ್ದೆಯ ಕಲಂ 119ರಂತೆ ಸಂಚಾರ ಸಂಕೇತಗಳನ್ನು ಪಾಲಿಸುವುದು ಪ್ರತಿ ಚಾಲಕರ ಕರ್ತವ್ಯವಾಗಿರುತ್ತದೆ. ರಸ್ತೆ ತಡೆ ನಡೆಸಿದಲ್ಲಿ ಬಸ್ ಪ್ರಯಾಣಿಕರಿಗೂ ರೋಗಿಗಳಿಗೂ ತೊಂದರೆಯಾಗುವುದರಿಂದ, ಲಿಖಿತ ಮನವಿ ಹಾಗೂ ಸಭೆಗಳ ಮೂಲಕವೇ ಅಭಿಪ್ರಾಯ ತಿಳಿಸಲು ನಾಗರಿಕರನ್ನು ಕೋರಲಾಗಿದೆ.