ಕೊಲ್ಲಲು ಕಲಿಸುವ ಕತೆಗಳು ಮತ್ತು ನಮ್ಮ ಮಕ್ಕಳು



ಬಸರಾಳಿನಲ್ಲಿ ಸ್ವಸಹಾಯ ಸಂಘದ ಸಭೆ ಮುಗಿದು, ಸಾಲದ ಕಂತಿನ ಲೆಕ್ಕ ಬರೆದು ಏಳುವ ಹೊತ್ತಿಗೆ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಸಿಸ್ಟರಮ್ಮ, ನಮ್ಮ ಹೈದ ರಾತ್ರಿ ಹನ್ನೆರಡಾದ್ರೂ ಮಲಗಾಕಿಲ್ಲ. ಫೋನಲ್ಲಿ ಅದೇನೋ ಇಂಗ್ಲಿಷ್ ಕತೆ ಓದ್ತಾನೆ. ಏನ್ ಕತೆ ಮಗ ಅಂದ್ರೆ, ಹದಿನಾಲ್ಕು ವರ್ಷದ ಹುಡುಗನ್ನ ಸ್ಕೂಲಿಗೆ ಸೇರಿಸಿ ಕೊಲೆ ಮಾಡೋದು ಕಲಿಸ್ತಾರೆ ಅಂತಾನೆ. ಓದಿ ಓದಿ ಇವನೂ ಮಚ್ಚು ಹಿಡ್ಕಂಡ್ರೆ ಏನ್ ಮಾಡ್ಲಿ?" ಅಂದರು. ಮಗ ಮಂಡ್ಯದಲ್ಲಿ ಪಿಯುಸಿ ಓದುತ್ತಿದ್ದಾನೆ. ಆ ತಾಯಿಯ ಭಯ ಸಣ್ಣದಲ್ಲ. ಅದಕ್ಕೇ ಇಂಥ ಪುಸ್ತಕಗಳನ್ನು ನಾನೂ ಓದಿ ನೋಡಿದೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಈ ಕತೆಗಳಲ್ಲಿ ಏನಿದೆ?

ಆ ಹುಡುಗ ಓದುತ್ತಿದ್ದದ್ದು 'ಸ್ಕಾರ್ಪಿಯಾ' ಎಂಬ ಕಾದಂಬರಿ. ಇಂಗ್ಲೆಂಡಿನ ಆಂಥೊನಿ ಹೊರೊವಿಟ್ಸ್ 2004ರಲ್ಲಿ ಬರೆದದ್ದು. ಇದರ ನಾಯಕ ಅಲೆಕ್ಸ್ ರೈಡರ್‌ಗೆ 14 ವರ್ಷ. ತಂದೆ ತಾಯಿ ಇಲ್ಲ, ಸಾಕಿದ ಚಿಕ್ಕಪ್ಪನೂ ಸತ್ತಿದ್ದಾನೆ. ಇಟಲಿಯ ವೆನಿಸ್ ಪಕ್ಕದ ಒಂದು ದ್ವೀಪದಲ್ಲಿ ಕೊಲೆಗಾರರನ್ನು ತಯಾರು ಮಾಡುವ ಶಾಲೆಗೆ ಇವನನ್ನು ಸೇರಿಸುತ್ತಾರೆ. "ನಿನ್ನ ತಂದೆಯ ಸಾವಿಗೆ ಇಂಥವಳು ಕಾರಣ, ಹೋಗಿ ಸೇಡು ತೀರಿಸಿಕೋ" ಅಂತ ನಂಬಿಸುತ್ತಾರೆ. ಕೊನೆಗೆ ತಿಳಿಯುವ ಸತ್ಯವೇನೆಂದರೆ, ಅವನ ತಂದೆ ತಾಯಿಯನ್ನು ಕೊಲ್ಲಿಸಿದ್ದು ಆ ಶಾಲೆ ನಡೆಸುವವರೇ! ಅಷ್ಟೇ ಅಲ್ಲ, ಅವನಿಗೇ ಗೊತ್ತಾಗದ ಹಾಗೆ ಅವನ ಮೈಯೊಳಗೂ ವಿಷ ಸೇರಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಅವನೂ ಸಾಯಲಿ ಎಂಬುದೇ ಅವರ ಲೆಕ್ಕ.

ಇನ್ನೊಂದು ಪುಸ್ತಕ ಓದುವಾಗ ನನಗೆ ನಗು ತಡೆಯಲಾಗಲಿಲ್ಲ. ಅಮೆರಿಕದ ರಾಬಿನ್ ಲಾಫೀವರ್ಸ್ 2012ರಲ್ಲಿ ಬರೆದ 'ಗ್ರೇವ್ ಮರ್ಸಿ'ಯಲ್ಲಿ ಕೊಲೆ ಕಲಿಸುವವರು ಒಂದು ಕಾನ್ವೆಂಟಿನ ಸಿಸ್ಟರುಗಳು! ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಆ ಹುಡುಗಿಯನ್ನು ತಂದೆಯೇ ಹಣಕ್ಕಾಗಿ ಕ್ರೂರಿಯೊಬ್ಬನಿಗೆ ಮದುವೆ ಮಾಡಿಕೊಟ್ಟಿರುತ್ತಾನೆ. ಅಲ್ಲಿಂದ ತಪ್ಪಿಸಿಕೊಂಡು ಬಂದವಳಿಗೆ ಆ ಕಾನ್ವೆಂಟು ಬಿಟ್ಟರೆ ನೆಲೆಯಿಲ್ಲ. ಅನ್ನ ಕೊಟ್ಟವರು ಹೇಳಿದ್ದನ್ನು ಅವಳು ಮಾಡುತ್ತಾಳೆ.

ಪರದೇಶದ ಮಾತು ಯಾಕೆ, ನಮ್ಮಲ್ಲೂ ಇದು ಹಳೆಯದೇ. ಸಂಸ್ಕೃತದ 'ಮುದ್ರಾರಾಕ್ಷಸ' ನಾಟಕದಲ್ಲಿ ವಿಷಕನ್ಯೆಯ ಮಾತು ಬರುತ್ತದೆ. ಅದೇ ಚಾಣಕ್ಯನ ಕತೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ 'ಮುದ್ರಾಮಂಜೂಷ' ಎಂದು ಕನ್ನಡದಲ್ಲಿ ಬರೆದ. ನಾಟಕದಲ್ಲಿ ಚಂದ್ರಗುಪ್ತನನ್ನು ಕೊಲ್ಲಲು ಮಂತ್ರಿ ರಾಕ್ಷಸ ಆ ಹುಡುಗಿಯನ್ನು ಕಳಿಸುತ್ತಾನೆ. ಚಾಣಕ್ಯ ಅವಳನ್ನು ಪರ್ವತಕನ ಕಡೆಗೆ ತಿರುಗಿಸುತ್ತಾನೆ. ಇಬ್ಬರು ಬುದ್ಧಿವಂತರ ನಡುವೆ ಅವಳೊಂದು ಆಯುಧ. ನಾಟಕದಲ್ಲಿ ಅವಳಿಗೆ ಹೆಸರು ಕೂಡ ಇಲ್ಲ.

ಓದಿದರೆ ಮಕ್ಕಳು ಕೆಡುತ್ತಾರೆಯೇ?

ಬಸರಾಳಿನ ಮಲ್ಲಿಕಾರ್ಜುನ ದೇವಸ್ಥಾನ ಹೊಯ್ಸಳರ ಕಾಲದ್ದು, 1234ರಲ್ಲಿ ಕಟ್ಟಿದ್ದು. ಅದರ ಗೋಡೆಯ ಮೇಲೆ ಅರ್ಜುನ ಮೀನಿಗೆ ಗುರಿಯಿಟ್ಟು ಬಾಣ ಬಿಡುತ್ತಿದ್ದಾನೆ, ರಾಮಾಯಣ ಮಹಾಭಾರತದ ಕತೆಗಳೂ ಇವೆ. ಕತೆಯಲ್ಲಿ ಆಯುಧ ಇದ್ದ ಮಾತ್ರಕ್ಕೆ ಮಕ್ಕಳು ಕೆಡುವುದಾಗಿದ್ದರೆ ಈ ಊರು ಎಂದೋ ಖಾಲಿಯಾಗಬೇಕಿತ್ತು! ಹದಿಹರೆಯದವರಿಗೆ ಇಂಥ ಕತೆ ಹಿಡಿಸಲು ಕಾರಣವಿದೆ. ಮನೆಯಲ್ಲಿ, ಕಾಲೇಜಿನಲ್ಲಿ ಅವರ ಮಾತಿಗೆ ಬೆಲೆ ಕಡಿಮೆ. ಕತೆಯಲ್ಲಿ ಅವರದೇ ವಯಸ್ಸಿನವನು ದೊಡ್ಡವರನ್ನು ಸೋಲಿಸುತ್ತಾನೆ. ಆ ಆಸೆ ತಪ್ಪೇನಲ್ಲ.

ಮಗುವನ್ನು ಕೆಡಿಸಲು ಪುಸ್ತಕ ಒಂದೇ ಸಾಲದು, ಪಕ್ಕದಲ್ಲಿ ಒಬ್ಬ ದೊಡ್ಡ ಮನುಷ್ಯ ಬೇಕು. ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಅಲ್ಲಿಯ ಇಷ್ಮೇಲ್ ಬೆಯಾ ಎಂಬವರು ಬಾಲಕನಾಗಿದ್ದಾಗಲೇ ಸೈನಿಕರ ಕೈಗೆ ಸಿಕ್ಕಿ ಬಂದೂಕು ಹಿಡಿದವರು. 2007ರಲ್ಲಿ ತಮ್ಮ ಆತ್ಮಕಥೆ ಬರೆದರು. ಮನೆಯವರನ್ನು ಕಳೆದುಕೊಂಡ ಹುಡುಗರಿಗೆ, "ನಿಮ್ಮವರನ್ನು ಕೊಂದವರು ಇವರೇ ಅಂದ್ಕೊಳ್ಳಿ" ಅಂತ ಹೇಳಿ ಕೊಲ್ಲುವುದನ್ನು ಕಲಿಸಿದರಂತೆ. ಮಾದಕ ವಸ್ತು ಕೊಟ್ಟರಂತೆ, ರ‍್ಯಾಂಬೊ ಸಿನಿಮಾ ತೋರಿಸಿದರಂತೆ. ರ‍್ಯಾಂಬೊ ಸಿನಿಮಾ ಲೋಕವೆಲ್ಲ ನೋಡಿದೆ. ಆ ಹುಡುಗರಿಗೆ ಅದನ್ನು ತೋರಿಸಿದ ಕೈ ಯಾವುದು ಎಂಬುದೇ ಮುಖ್ಯ. ಯುನಿಸೆಫ್ ಅವರನ್ನು 1996ರಲ್ಲಿ ಬಿಡಿಸಿತು. ಪುನರ್ವಸತಿ ಕೇಂದ್ರದವರು "ಇದರಲ್ಲಿ ನಿನ್ನ ತಪ್ಪಿಲ್ಲ" ಅಂತ ಮತ್ತೆ ಮತ್ತೆ ಹೇಳಿ, ತಾಳ್ಮೆಯಿಂದ ಅವರನ್ನು ಮತ್ತೆ ಹುಡುಗನನ್ನಾಗಿ ಮಾಡಿದರು.

ನಮ್ಮ ಕಡೆಯ 'ಅಣ್ಣ'ಂದಿರು

ನಮ್ಮಲ್ಲಿ ದ್ವೀಪವೂ ಇಲ್ಲ, ಶಾಲೆಯೂ ಇಲ್ಲ. ಆದರೆ ಒಬ್ಬ 'ಅಣ್ಣ' ಇರುತ್ತಾನೆ. ಮೊದಲು ಬಿರಿಯಾನಿ ಕೊಡಿಸುತ್ತಾನೆ, ಆಮೇಲೆ ಬೈಕು ಓಡಿಸಲು ಕೊಡುತ್ತಾನೆ, ಫೋನಿಗೆ ಕರೆನ್ಸಿ ಹಾಕಿಸುತ್ತಾನೆ. "ನಿಮ್ಮಪ್ಪ ನಿನ್ನ ಬಯ್ತಾನೆ, ನಾನಿದೀನಿ ಕಣೋ" ಅಂತಾನೆ. ಆಮೇಲೆ ಒಂದು ಸಣ್ಣ ಕೆಲಸ: ಈ ಪೊಟ್ಟಣ ಕೊಟ್ಟು ಬಾ, ಅವನು ಎಷ್ಟು ಹೊತ್ತಿಗೆ ಮನೆಗೆ ಬರ್ತಾನೆ ನೋಡಿ ಹೇಳು. ಕೊನೆಗೆ, "ನಿನಗೆ 18 ಆಗಿಲ್ಲ, ಸಿಕ್ಕಿಬಿದ್ರೂ ಏನೂ ಆಗಲ್ಲ" ಅನ್ನುತ್ತಾನೆ.

ಈ ಮಾತು ಸುಳ್ಳು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, 16ರಿಂದ 18 ವರ್ಷದೊಳಗಿನವರು ಕೊಲೆಯಂಥ ಘೋರ ಅಪರಾಧ ಮಾಡಿದ್ದಾರೆಂಬ ಆರೋಪವಿದ್ದರೆ, ಬಾಲನ್ಯಾಯ ಮಂಡಳಿ ಪರಿಶೀಲಿಸಿ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ ವಯಸ್ಕರಂತೆ ವಿಚಾರಣೆ ನಡೆಯುವ ಸಾಧ್ಯತೆಯಿದೆ.

ಕಾನೂನು ಆ 'ಅಣ್ಣ'ನನ್ನೂ ಬಿಡುವುದಿಲ್ಲ. ಅದೇ ಕಾಯ್ದೆಯ 83ನೇ ಸೆಕ್ಷನ್ನಿನಂತೆ ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, 5 ಲಕ್ಷ ರೂಪಾಯಿ ದಂಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 95ನೇ ಸೆಕ್ಷನ್ನಿನಂತೆ ಅಪರಾಧ ಮಾಡಿಸಲು ಮಗುವನ್ನು ನೇಮಿಸಿದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 10 ವರ್ಷ ಜೈಲು ಮತ್ತು ದಂಡ. ಅಪರಾಧ ನಡೆದೇಬಿಟ್ಟರೆ, ಅದನ್ನು ಅವನೇ ಮಾಡಿದಂತೆ ಲೆಕ್ಕ.

ನಾವು ಏನು ಮಾಡಬಹುದು?

1. ಪುಸ್ತಕ ಕಿತ್ತುಕೊಳ್ಳಬೇಡಿ, ಬಯ್ಯಬೇಡಿ. ಕಿತ್ತುಕೊಂಡರೆ ಕದ್ದು ಓದುತ್ತಾರೆ, ನಿಮ್ಮ ಹತ್ತಿರ ಮಾತು ನಿಲ್ಲಿಸುತ್ತಾರೆ. ಮಲಗುವ ಹೊತ್ತು ಮಾತ್ರ ಗಟ್ಟಿಯಾಗಿ ಗೊತ್ತುಮಾಡಿ.

2. "ಕತೆ ಹೇಳು ಮಗ" ಅಂತ ಕೇಳಿ. ನಿಮಗೆ ಓದು ಬಾರದಿದ್ದರೂ ಪರವಾಗಿಲ್ಲ. ಕೇಳಿದ ಮೇಲೆ ಮೂರು ಪ್ರಶ್ನೆ ಹಾಕಿ: ಅವನನ್ನು ಆರಿಸಿಕೊಂಡವರು ಯಾರು? ಅವನನ್ನೇ ಯಾಕೆ ಆರಿಸಿಕೊಂಡರು? ಕೊನೆಗೆ ಲಾಭ ಯಾರಿಗಾಯಿತು?

3. ಲೆಕ್ಕವಿಲ್ಲದ ಹಣ, ನೀವು ಕೊಡಿಸದ ಫೋನು, ಹೆಸರು ಹೇಳದ ಹೊಸ 'ಅಣ್ಣ', ಇದ್ದಕ್ಕಿದ್ದಂತೆ ಕಾಲೇಜು ತಪ್ಪಿಸುವುದು: ಇವುಗಳ ಮೇಲೆ ಕಣ್ಣಿರಲಿ. ಕತೆ ಪುಸ್ತಕಕ್ಕಿಂತ ಇವುಗಳಿಗೆ ಹೆದರಬೇಕು.

4. ಅನುಮಾನ ಬಂದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ.

ಹೋದ ತಿಂಗಳು ಅದೇ ತಾಯಿ ಸಿಕ್ಕಿದ್ದರು. ಅವರೆಕಾಯಿ ಬಿಡಿಸುತ್ತಾ ಮಗನ ಹತ್ತಿರ ಪೂರ್ತಿ ಕತೆ ಹೇಳಿಸಿಕೊಂಡರಂತೆ. ಕೊನೆಗೆ, "ಅಲ್ಲ ಕಣ್ಲಾ, ಆ ಹುಡುಗನಿಗೆ ಅವ್ವ ಇರಲಿಲ್ವಾ?" ಅಂತ ಕೇಳಿದರಂತೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿಲ್ಲ ಕಣವ್ವ. ಅದ್ಕೇ ಅವನನ್ನ ಆರಿಸ್ಕಂಡಿದ್ದು" ಅಂದನಂತೆ.

ಅವನಿಗೆ ಕತೆ ಅರ್ಥವಾಗಿದೆ. ಮುಂದಿನ ಸಂಘದ ಸಭೆಗೆ ನಿಮ್ಮ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಅವರು ಓದುವ ಕತೆಗಳನ್ನು ಅವರ ಬಾಯಿಂದಲೇ ಕೇಳೋಣ.