ಎರೆ ನೆಲದ ಮೇಲೆ ಔಟ್‌ರಿಗರ್: ನಂಬಿಕೆ ಮತ್ತು ವಾಸ್ತವ

ವಿದ್ಯುತ್ ಕಂಬ ನಿಲ್ಲಿಸುವ, ಟಿಸಿ (ಟ್ರಾನ್ಸ್‌ಫಾರ್ಮರ್) ಏರಿಸುವ ಕ್ರೇನ್ ಲಾರಿ ಭಾರ ಎತ್ತುವಾಗ ತನ್ನ ಟೈರುಗಳನ್ನು ನೆಚ್ಚಿಕೊಳ್ಳುವುದಿಲ್ಲ. ಪಕ್ಕಕ್ಕೆ ಚಾಚಿ ನೆಲಕ್ಕೆ ಊರಿದ ಕಬ್ಬಿಣದ ಕಾಲುಗಳ ಮೇಲೆ ನಿಲ್ಲುತ್ತದೆ. ಇವೇ ಔಟ್‌ರಿಗರ್‌ಗಳು, ಕೆಲಸಗಾರರ ಬಾಯಲ್ಲಿ ಜಾಕ್. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂನ ವ್ಯಾಪ್ತಿಯ ತಾಲ್ಲೂಕುಗಳು. ಇಲ್ಲಿ ಜಾಕ್ ಊರುವ ಜಾಗ ಹೆಚ್ಚಾಗಿ ಡಾಂಬರು ರಸ್ತೆಯಲ್ಲ: ಎರೆ ಹೊಲದ ಬದು, ಕಾಲುವೆಯ ಏರಿ, ಊರೊಳಗಿನ ಗಟಾರದ ಅಂಚು. ಹೀಗಾಗಿ ಜಾಕ್ ಕುರಿತ ತಪ್ಪು ತಿಳಿವಳಿಕೆಗಳಿಗೆ ಇಲ್ಲಿ ತೆರಬೇಕಾದ ಬೆಲೆಯೂ ದೊಡ್ಡದು.

“ಬೇಸಿಗೆಯ ಎರೆ ನೆಲ ಕಲ್ಲಿನಂತೆ ಗಟ್ಟಿ, ಜಾಕ್ ಇಳಿಯುವುದಿಲ್ಲ” ಎಂಬುದು ಅವುಗಳಲ್ಲಿ ಮೊದಲನೆಯದು, ಅತಿ ಅಪಾಯಕಾರಿಯೂ ಹೌದು. ಒಣಗಿದ ಎರೆ ಮಣ್ಣಿನ ಮೇಲ್ಪದರ ಗಟ್ಟಿಯಾಗಿರುವುದು ನಿಜ. ಆದರೆ ಅದು ಆಳದ ಬಿರುಕುಗಳಿಂದ ಹೋಳುಹೋಳಾಗಿರುತ್ತದೆ, ಕೆಳಗೆ ಹೋದಂತೆ ಹಸಿ ಉಳಿದಿರುತ್ತದೆ. ಲೆಕ್ಕ ಹೀಗಿದೆ. ಗಾಡಿ ಮತ್ತು ಎತ್ತಿದ ಭಾರ ಸೇರಿ 12 ಟನ್ ಎಂದುಕೊಂಡರೆ, ಬೂಮ್ (ಕ್ರೇನಿನ ತೋಳು) ಒಂದು ಮೂಲೆಯ ನೇರಕ್ಕೆ ತಿರುಗಿದಾಗ ಆ ಮೂಲೆಯ ಒಂದೇ ಜಾಕ್ ಸುಮಾರು ಮುಕ್ಕಾಲು ಪಾಲನ್ನು, ಅಂದರೆ 9 ಟನ್ ಹೊರಬೇಕಾಗಬಹುದು. ಅದರ ಪಾದ 30 ಸೆಂ.ಮೀ. ಚೌಕವಾಗಿದ್ದರೆ ನೆಲದ ಮೇಲಿನ ಒತ್ತಡ ಚದರ ಮೀಟರಿಗೆ 100 ಟನ್. ಒಣ ಎರೆ ಮಣ್ಣಿಗೆ ಭಾರತೀಯ ಕಟ್ಟಡ ಸಂಹಿತೆ ಅಂದಾಜಿಸುವ ಸುರಕ್ಷಿತ ಮಿತಿ ಚದರ ಮೀಟರಿಗೆ ಸುಮಾರು 15 ಟನ್. ತೀರ ಮೆತ್ತನೆಯ ಹಸಿ ಜೇಡಿಗೆ 5 ಟನ್ ಮಾತ್ರ. ಇವು ಕಟ್ಟಡದ ಅಡಿಪಾಯಕ್ಕೆ ಹೇಳಿದ ಅಂಕಿಗಳು, ಗಳಿಗೆಯ ಮಟ್ಟಿನ ಹೊರೆಯನ್ನು ನೆಲ ತುಸು ಹೆಚ್ಚು ತಡೆದೀತು. ಆದರೂ ಆರೇಳು ಪಟ್ಟಿನ ಅಂತರವನ್ನು ಯಾವ ರಿಯಾಯಿತಿಯೂ ಮುಚ್ಚಲಾರದು.

ಪಾದದ ಮೂರು ಪಟ್ಟು ವಿಸ್ತೀರ್ಣದ ಹಲಗೆ ಹಾಕಿದರೆ ಸಾಕು ಎಂಬ ರೂಢಿಯ ಸೂತ್ರವೂ ಇಲ್ಲಿ ಸಾಲದು. ಮೇಲಿನ ಲೆಕ್ಕದಲ್ಲಿ ಒಣ ಎರೆಗೇ ಸುಮಾರು 80 ಸೆಂ.ಮೀ. ಚೌಕದ ಹಲಗೆ ಬೇಕು. ಅದು ದಪ್ಪನಾಗಿ, ಬಾಗದಂತಿರಬೇಕು. ಬಾಗುವ ತೆಳು ಹಲಗೆ ಎಷ್ಟೇ ಅಗಲವಿದ್ದರೂ ಭಾರವೆಲ್ಲ ನಡುವಿಗೇ ಬೀಳುತ್ತದೆ. ನೆಲದ ಪರೀಕ್ಷೆಗೆ ಅದೇ ಸಂಹಿತೆಯಲ್ಲಿ ಸರಳ ದಾರಿಯೊಂದಿದೆ. ಹೆಬ್ಬೆರಳಿನಿಂದ ಒತ್ತಿ ನೋಡುವುದು. ಉಗುರಿಗೆ ಮಾತ್ರ ಗುರುತು ಬಿದ್ದರೆ ಮಣ್ಣು ಸಾಧಾರಣ ಗಟ್ಟಿ, ಬೆರಳು ಸಲೀಸಾಗಿ ಇಳಿದರೆ ತೀರ ಮೆತ್ತಗೆ. ಮೇಲ್ಪದರವನ್ನು ಗುದ್ದಲಿಯಿಂದ ಗೇಣುದ್ದ ಕೆದಕಿ ಒತ್ತಿದರೆ ಮಾತ್ರ ಈ ಪರೀಕ್ಷೆಗೆ ಅರ್ಥ.

ಈ ನಾಲ್ಕೂ ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಕಿತ್ತೂರಿನ ಕಡೆ ಮಳೆ ಹೆಚ್ಚು, ಕೆಂಪು ಮಸಾರಿ ನೆಲವೂ ಉಂಟು. ಸವದತ್ತಿ, ರಾಮದುರ್ಗದ ಗುಡ್ಡಗಳಲ್ಲಿ ಮರಳುಗಲ್ಲಿನ ಬಂಡೆ ಇದೆ. ಅಲ್ಲಿ ನೆಲ ಕುಸಿಯುವ ಭಯ ಕಡಿಮೆ, ಇಳಿಜಾರಿನಲ್ಲಿ ಪಾದ ಜಾರುವ ಭಯ ಹೆಚ್ಚು. ನವಿಲುತೀರ್ಥದ ರೇಣುಕಾಸಾಗರದಿಂದ ಹೊರಟ ಕಾಲುವೆಗಳ ಏರಿಯ ಮೇಲೆ ನಿಲ್ಲುವ ಗಾಡಿಗೆ ಎರಡೂ ಅಪಾಯ ಒಟ್ಟಿಗೇ ಕಾದಿರುತ್ತವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿತ್ತು. ಅಂಥ ನೆರೆ ಇಳಿದ ಮೇಲೆ ಮಣ್ಣು ಮೇಲೆ ಹೆಪ್ಪುಗಟ್ಟಿ ಒಣಗಿದಂತೆ ಕಾಣುತ್ತದೆ, ಅಡಿಯಲ್ಲಿ ಕೆಸರಾಗಿಯೇ ಇರುತ್ತದೆ. ಬಿದ್ದ ಕಂಬಗಳನ್ನು ಬೇಗ ಎಬ್ಬಿಸಬೇಕೆಂಬ ಒತ್ತಡ ಇರುವುದೂ ಆ ದಿನಗಳಲ್ಲೇ.

ಊರೊಳಗಿನ ಕಾಂಕ್ರೀಟು ಕಂಡರೆ ನೆಮ್ಮದಿ ಪಡುವಂತಿಲ್ಲ. ಪೇಟೆಯ ಅಂಗಡಿ ಸಾಲಿನ ಮುಂದೆ ಗಟಾರದ ಮೇಲೆ ಹಾಸಿದ ಚಪ್ಪಡಿಯ ಕೆಳಗೆ ಟೊಳ್ಳು. ಕುಡಿಯುವ ನೀರಿನ ಪೈಪಿಗಾಗಿ ಅಗೆದು ಮುಚ್ಚಿದ ಓಣಿಯ ಮಣ್ಣು ಒಂದೆರಡು ಮಳೆಗಾಲ ಕಳೆದರೂ ಪೂರ್ತಿ ಕೂತಿರುವುದಿಲ್ಲ. ಕಂಬಕ್ಕಾಗಿ ತೋಡಿದ ಗುಂಡಿಯೇ ಕೆಲವೊಮ್ಮೆ ಜಾಕಿನ ಶತ್ರು: ಗಟ್ಟಿ ನೆಲದಲ್ಲಿ ಗುಂಡಿಯ ಆಳದಷ್ಟಾದರೂ, ಮೆತ್ತನೆಯ ನೆಲದಲ್ಲಿ ಅದರ ಎರಡರಷ್ಟು ದೂರದಲ್ಲಿ ಪಾದ ಇರಬೇಕು.

“ಕಂಬದ ತೂಕ ಎಷ್ಟಾದೀತು? ಒಂದು ಕಡೆ ಅರ್ಧ ಚಾಚಿದರೆ ನಡೆಯುತ್ತದೆ” ಎಂಬ ಮಾತು ಇಕ್ಕಟ್ಟಾದ ಓಣಿಗಳಲ್ಲಿ ಸಾಮಾನ್ಯ. ಗಾಡಿಯನ್ನು ಉರುಳಿಸುವುದು ತೂಕವೊಂದೇ ಅಲ್ಲ, ತೂಕ ಮತ್ತು ದೂರದ ಗುಣಲಬ್ಧ. ಅರ್ಧ ಟನ್ನಿನ ಕಂಬ ಉರುಳುವ ಅಂಚಿನಿಂದ 6 ಮೀಟರ್ ಆಚೆ ತೂಗಿದರೆ, ಅದೇ ಅಂಚಿನಿಂದ 1 ಮೀಟರ್ ದೂರದಲ್ಲಿ 3 ಟನ್ ನೇತುಹಾಕಿದಷ್ಟೇ ಎಳೆತ. ಜಾಕನ್ನು ಅರ್ಧಕ್ಕೆ ನಿಲ್ಲಿಸಿದಾಗ ಆ ಅಂಚೇ ಗಾಡಿಯ ಒಳಕ್ಕೆ ಸರಿಯುತ್ತದೆ. ಯಂತ್ರದ ಜೊತೆ ಬರುವ ಭಾರದ ಪಟ್ಟಿ ಸಾಮಾನ್ಯವಾಗಿ ಪೂರ್ತಿ ಚಾಚಿದ ಜಾಕಿಗೆ ಬರೆದದ್ದು. ಹೈಡ್ರಾ ಕ್ರೇನಿಗೆ ಜಾಕ್ ಇಲ್ಲವಲ್ಲ, ಅದು ಹೇಗೆ ನಡೆಯುತ್ತದೆ ಎಂಬ ಪ್ರಶ್ನೆ ಸಹಜ. ಅದನ್ನು ಭಾರ ಎತ್ತಿಕೊಂಡು ಓಡಾಡಲೆಂದೇ ಮಾಡಲಾಗಿದೆ, ಹಾಗೆಂದೇ ಅದರ ಮಿತಿ ಬೇರೆ; ಇಳಿಜಾರಿನಲ್ಲಿ ತಿರುಗುವಾಗ ಅದೂ ಮಗ್ಗುಲಾಗುತ್ತದೆ.

ಎತ್ತುವಾಗ ಎದುರು ಬದಿಯ ಜಾಕ್ ನೆಲ ಬಿಟ್ಟರೆ “ಮಾಮೂಲು” ಎನ್ನುವವರಿದ್ದಾರೆ. ಅದು ಮಾಮೂಲಲ್ಲ, ಗಾಡಿ ಉರುಳಲು ಆರಂಭಿಸಿದ ಸೂಚನೆ. ಭಾರವನ್ನು ಮೆಲ್ಲಗೆ ಇಳಿಸುವುದೊಂದೇ ಆಗ ಸರಿಯಾದ ಕ್ರಮ.

ವಿದ್ಯುತ್ತಿನ ವಿಷಯದ ನಂಬಿಕೆಗಳು ಇನ್ನೂ ಹಳೆಯವು. ರಬ್ಬರ್ ಟೈರ್ ಕಾಯುತ್ತದೆ, ಜಾಕಿನ ಕೆಳಗಿನ ಕಟ್ಟಿಗೆ ಕರೆಂಟ್ ತಡೆಯುತ್ತದೆ ಎನ್ನುವ ಎರಡೂ ಸುಳ್ಳು. 11 ಕಿಲೋವೋಲ್ಟ್ ತಂತಿಗೆ ಬೂಮ್ ತಾಗಿದರೆ ಗಾಡಿಯಿಡೀ ಮತ್ತು ಜಾಕಿನ ಸುತ್ತಲಿನ ನೆಲ ವಿದ್ಯುತ್‌ಮಯವಾಗುತ್ತದೆ. ಪಕ್ಕದಲ್ಲಿ ಕಾಲು ಅಗಲಿಸಿ ನಿಂತವನ ಮೈಯೊಳಗೂ ಹರಿಯುತ್ತದೆ. ಚಾಲಕ ಒಳಗೇ ಕೂತಿರಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಗಾಡಿ ಮತ್ತು ನೆಲವನ್ನು ಒಮ್ಮೆಗೇ ಮುಟ್ಟದಂತೆ ಎರಡೂ ಕಾಲು ಕೂಡಿಸಿ ಹಾರಿ, ಪಾದ ಎತ್ತದೆ ಸರಿಸುತ್ತ ದೂರ ಹೋಗಬೇಕು. ಅಮೆರಿಕದ ನಿಯಮಗಳು ಕ್ರೇನಿಗೆ 50 ಕಿಲೋವೋಲ್ಟ್‌ವರೆಗಿನ ತಂತಿಯಿಂದ ಕನಿಷ್ಠ 10 ಅಡಿ ಅಂತರ ಕೇಳುತ್ತವೆ. “ಎಲ್‌ಸಿ ತಗೊಂಡೀವಿ” ಎಂಬ ಧೈರ್ಯವೂ ಅರ್ಧ ಸತ್ಯವೇ. ಲೈನ್ ಕ್ಲಿಯರ್ ಒಂದು ಫೀಡರಿಗೆ ಸಿಕ್ಕಿರುತ್ತದೆ, ಅದೇ ಕಂಬದ ಮೇಲೆ ಅಥವಾ ಅಡ್ಡವಾಗಿ ಬೇರೆ ಫೀಡರ್ ಹಾದಿರಬಹುದು. ಯಾರದೋ ಜನರೇಟರ್ ಹಿಂದಿನಿಂದ ಕರೆಂಟ್ ತುಂಬಬಹುದು. ತಂತಿಯನ್ನು ಪರೀಕ್ಷಿಸಿ, ಎರಡೂ ಬದಿಗೆ ಅರ್ಥ್ ಮಾಡುವವರೆಗೆ ಅದು ಜೀವಂತ ತಂತಿಯೇ.

ಗಾಡಿ ಉರುಳುವುದೊಂದೇ ಅವಘಡವಲ್ಲ. ಜಾಕ್ ಇಳಿಸುವಾಗ ಕೆಳಗೆ ಸಿಕ್ಕ ಕೆಲಸಗಾರನ ಪಾದ ಜಜ್ಜಿಹೋಗುವುದೂ ಅಷ್ಟೇ ನಿಜ. ಲಿವರ್ ಒಂದು ಬದಿಯಲ್ಲಿದ್ದರೆ ಇನ್ನೊಂದು ಬದಿ ಚಾಲಕನಿಗೆ ಕಾಣುವುದಿಲ್ಲ. ಹಲಗೆ ಸರಿಪಡಿಸುತ್ತಿರುವ ಸಹಾಯಕನ ಕೈ ಅಲ್ಲೇ ಇರುತ್ತದೆ. ನೋಡಿ ಹೇಳಲು ಒಬ್ಬನನ್ನು ನಿಲ್ಲಿಸಬೇಕು, ಅವನ ಒಪ್ಪಿಗೆಯಿಲ್ಲದೆ ಲಿವರ್ ಮುಟ್ಟಬಾರದು, ಹಲಗೆಯನ್ನು ಉದ್ದ ಹಿಡಿಕೆಯಿಂದಲೇ ತಳ್ಳಬೇಕು. ಕೆಲಸ ಮುಗಿದ ಮೇಲೆ ಒಳಗೆಳೆದ ಜಾಕ್ ತಾನಾಗಿ ಅಲ್ಲೇ ಇರುತ್ತದೆಂದು ನಂಬುವುದು ಕೊನೆಯ ತಪ್ಪು. ಪಿನ್ ಹಾಕದ ಜಾಕ್ ತಿರುವಿನಲ್ಲಿ ಹೊರಚಾಚಿ ಎದುರಿನ ಬೈಕ್ ಸವಾರನಿಗೆ ಬಡಿಯುತ್ತದೆ. ಎರಡೂ ಬದಿಯ ಪಿನ್ ಕಣ್ಣಾರೆ ಕಂಡ ಮೇಲಷ್ಟೇ ಗಾಡಿ ಹೊರಡಬೇಕು.