ಮಂಡಿಯೊಳಗಿನ ಪ್ರತಿಧ್ವನಿ: ‘ಶಬ್ದ’ ಘಟಕಕ್ಕೆ ಮನೆಯ ಹತ್ತಿರದ ಉದಾಹರಣೆ

ಒಂಬತ್ತನೇ ತರಗತಿಯ ‘ಶಬ್ದ’ ಘಟಕದಲ್ಲಿ ಶ್ರವಣಾತೀತ ಧ್ವನಿಯ ಅನ್ವಯಗಳು ಬರುವ ಹೊತ್ತಿಗೆ ನಮ್ಮ ಪ್ರಶಿಕ್ಷಣಾರ್ಥಿಗಳ ಕೈಯಲ್ಲಿ ಉಳಿದಿರುವುದು ಏಳೆಂಟು ನಿಮಿಷ. ಲೋಹದ ದಿಮ್ಮಿಯ ಬಿರುಕು, ಹೃದಯದ ಚಿತ್ರ, ಮೂತ್ರಪಿಂಡದ ಕಲ್ಲು ಎಂದು ಪಟ್ಟಿಯನ್ನು ಓದಿಸಿ, ಕರಿಹಲಗೆಯಲ್ಲಿ ಬರೆದು ಮುಗಿಸುತ್ತಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಪಾಠ ವೀಕ್ಷಣೆಗೆ ಹೋದಾಗ ನಾನು ಮಕ್ಕಳಿಗೆ ಎರಡು ಪ್ರಶ್ನೆ ಕೇಳುವುದುಂಟು. ‘ಸ್ಕ್ಯಾನಿಂಗ್ ಯಾರಿಗೆ ಮಾಡಿಸುತ್ತಾರೆ?’ ಎಂದರೆ ‘ಬಸುರಿಯರಿಗೆ’ ಎಂಬ ಉತ್ತರ ತಟ್ಟನೆ ಬರುತ್ತದೆ. ‘ಮಂಡಿನೋವು ಯಾರ ಮನೆಯಲ್ಲಿದೆ?’ ಎಂದರೆ ಕೈಗಳು ಏಳುತ್ತಲೇ ಇರುತ್ತವೆ. ಅಜ್ಜಿಗೆ, ದೊಡ್ಡಮ್ಮನಿಗೆ, ಕೆಲವರಿಗೆ ಆಗಲೇ ಅಮ್ಮನಿಗೆ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವವರು ಅವರು. ಮಕ್ಕಳ ಈ ಎರಡು ಪೂರ್ವಜ್ಞಾನಗಳನ್ನು ಜೋಡಿಸಿದರೆ ಪ್ರತಿಧ್ವನಿಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಕಂಡಿಲ್ಲ.

ಮೊದಲು ವಿಷಯ ನಮಗೆ ಸ್ಪಷ್ಟವಿರಬೇಕು. ಕೀಲಿನಲ್ಲಿ ಸೇರುವ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ‘ಅಂಗಾಂಶಗಳು’ ಪಾಠದಲ್ಲಿ ಮಕ್ಕಳು ಕಿವಿ, ಮೂಗಿನ ಮೃದ್ವಸ್ಥಿಯನ್ನು ಓದಿರುತ್ತಾರೆ. ಕೋಳಿ ಕಾಲಿನ ಮೂಳೆಯ ತುದಿಯಲ್ಲಿ ಹೊಳೆಯುವ ಬಿಳಿ ಭಾಗವನ್ನು ಹಲವರು ಕಂಡಿರುತ್ತಾರೆ. (ತರಗತಿಗೆ ಮೂಳೆ ತರುವ ಮುನ್ನ ಶಾಲೆಯವರನ್ನು ಕೇಳಿಕೊಳ್ಳುವುದು ಒಳ್ಳೆಯದು, ಚಿತ್ರವೂ ಸಾಕು.) ಈ ಹೊದಿಕೆಯ ಮುಕ್ಕಾಲು ಪಾಲು ನೀರೇ ಎನ್ನಬಹುದು. ಅದರಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ನರವಿಲ್ಲದ್ದರಿಂದ ಮೇಲ್ಮೈ ತರಿತರಿಯಾಗಲು ಶುರುವಾದರೂ ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ. ರಕ್ತನಾಳವಿಲ್ಲದ್ದರಿಂದ ರಿಪೇರಿಯೂ ಸರಿಯಾಗಿ ಆಗುವುದಿಲ್ಲ. ನೋವು ಕಾಣಿಸಿಕೊಳ್ಳುವುದು ಸುತ್ತಲಿನ ಪೊರೆ, ಕೆಳಗಿನ ಮೂಳೆ ಈ ಗಲಾಟೆಯಲ್ಲಿ ಸೇರಿಕೊಂಡ ಮೇಲೆ. ಊರಲ್ಲಿ ‘ಮಂಡಿ ಸವೆತ’ ಎನ್ನುವ ಅಸ್ಥಿಸಂಧಿವಾತದ ಕಥೆ ಹೀಗೆ ಸದ್ದಿಲ್ಲದೆ ಶುರುವಾಗುತ್ತದೆ.

ಆಸ್ಪತ್ರೆಗೆ ಹೋದರೆ ಮೊದಲು ತೆಗೆಯುವುದು ಎಕ್ಸ್-ರೇ. ಅದರಲ್ಲಿ ಮೂಳೆ ಕಾಣುತ್ತದೆ, ಮೃದ್ವಸ್ಥಿ ಕಾಣುವುದಿಲ್ಲ. ಎರಡು ಮೂಳೆಗಳ ನಡುವಿನ ಖಾಲಿ ಜಾಗ ಎಷ್ಟಿದೆ ಎಂದು ನೋಡಿ, ನಡುವೆ ಇರುವ ಪದರ ಎಷ್ಟು ಉಳಿದಿದೆ ಎಂದು ವೈದ್ಯರು ಊಹಿಸುತ್ತಾರೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು 1957ರಲ್ಲಿ ರೂಪಿಸಿದ 0ಯಿಂದ 4ರವರೆಗಿನ ಶ್ರೇಣಿ ಇಂದಿಗೂ ಬಳಕೆಯಲ್ಲಿದೆ. ಆದರೆ ಪದರ ಸಾಕಷ್ಟು ತೆಳುವಾಗುವ ತನಕ ಆ ಜಾಗ ಕಿರಿದಾಗಿ ಕಾಣದು. ಹೀಗಾಗಿ ‘ಎಕ್ಸ್-ರೇಯಲ್ಲಿ ಏನೂ ಇಲ್ಲ’ ಎಂಬ ಮಾತು ಮನೆಗೆ ಬರುವ ಹೊತ್ತಿಗೆ ‘ಹಾಗಾದರೆ ನೋವು ಸುಳ್ಳು’ ಎಂದಾಗಿರುತ್ತದೆ. ಅಜ್ಜಿಯ ನೋವನ್ನು ಸೋಮಾರಿತನದ ಲೆಕ್ಕಕ್ಕೆ ಬರೆದ ಮನೆಗಳ ಮಕ್ಕಳೂ ನಮ್ಮ ಬೆಂಚುಗಳಲ್ಲಿ ಕೂತಿರುತ್ತಾರೆ. ಒಂದು ಉಪಕರಣಕ್ಕೆ ಕಾಣದ್ದು ಇಲ್ಲವೆಂದಲ್ಲ ಎಂಬುದು ಈ ಪಾಠದಲ್ಲಿ ಅವರಿಗೆ ದಕ್ಕಬೇಕು.

ಈಗ ಶ್ರವಣಾತೀತ ಧ್ವನಿಗೆ ಬರೋಣ. ರೋಗಿ ಮಂಡಿಯನ್ನು ಆದಷ್ಟು ಪೂರ್ತಿ ಮಡಿಸುತ್ತಾರೆ. ಆಗ ಮಂಡಿಚಿಪ್ಪು ಕೆಳಗೆ ಸರಿದು ತೊಡೆಮೂಳೆಯ ತುದಿಯ ಮೃದ್ವಸ್ಥಿ ತೆರೆದುಕೊಳ್ಳುತ್ತದೆ. ಚಿಪ್ಪಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಯಂತ್ರದ ಹಿಡಿಯನ್ನು ಇಡುತ್ತಾರೆ. ಹಿಡಿಗೂ ಚರ್ಮಕ್ಕೂ ನಡುವೆ ಜೆಲ್ ಹಚ್ಚಲೇಬೇಕು. ಗಾಳಿಯ ತೆಳ್ಳನೆಯ ಪದರ ಉಳಿದರೂ ಹೆಚ್ಚುಕಡಿಮೆ ಎಲ್ಲ ಧ್ವನಿಯೂ ಅಲ್ಲಿಂದಲೇ ಹಿಂದಿರುಗುತ್ತದೆ. ಪರದೆಯ ಮೇಲೆ ಆರೋಗ್ಯವಂತ ಮೃದ್ವಸ್ಥಿ ಒಂದು ಕಪ್ಪು ಪಟ್ಟಿಯಂತೆ, ಅದರ ಮೇಲೆ ಕೆಳಗೆ ಎರಡು ಚೂಪಾದ ಬಿಳಿ ಗೆರೆಗಳಂತೆ ಕಾಣುತ್ತದೆ.

ಪಟ್ಟಿ ಏಕೆ ಕಪ್ಪು? ಪಾಠದ ಜೀವ ಇರುವುದು ಈ ಪ್ರಶ್ನೆಯಲ್ಲಿ. ಪ್ರಶಿಕ್ಷಣಾರ್ಥಿಗಳಲ್ಲಿ ಅನೇಕರು ‘ಧ್ವನಿ ವಸ್ತುವಿಗೆ ಬಡಿದು ಹಿಂದಿರುಗುತ್ತದೆ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ನಿಜವಾಗಿ ಧ್ವನಿ ಹಿಂದಿರುಗುವುದು ಒಂದು ಮಾಧ್ಯಮ ಮುಗಿದು ಬೇರೆ ಗುಣದ ಇನ್ನೊಂದು ಮಾಧ್ಯಮ ಶುರುವಾಗುವ ಗಡಿಯಲ್ಲಿ. ಇದನ್ನು ತೋರಿಸಲು ಎರಡು ಹಗ್ಗ ಸಾಕು. ತೆಳು ಹಗ್ಗವನ್ನು ದಪ್ಪ ಹಗ್ಗಕ್ಕೆ ಗಂಟು ಹಾಕಿ, ಇಬ್ಬರು ಮಕ್ಕಳಿಂದ ಎರಡು ತುದಿ ಹಿಡಿಸಿ, ತೆಳು ಹಗ್ಗದ ಕಡೆಯಿಂದ ಒಂದು ಝಾಡಿಸಿ. ಗಂಟಿನ ತನಕ ಅಲೆ ಸರಾಗವಾಗಿ ಓಡುತ್ತದೆ. ಗಂಟಿನಲ್ಲಿ ಅದರ ಒಂದು ಪಾಲು ಮುಂದೆ ಹೋಗಿ, ಇನ್ನೊಂದು ಪಾಲು ಹಿಂದಿರುಗುತ್ತದೆ. ತೆಳು ಹಗ್ಗದ ನಡುಭಾಗದಿಂದ ಏನೂ ಹಿಂದಿರುಗುವುದಿಲ್ಲ. ಮೃದ್ವಸ್ಥಿಯ ಒಳಗೂ ಹಾಗೆಯೇ: ಎಲ್ಲೆಡೆ ಒಂದೇ ಹದವಿರುವುದರಿಂದ ಪ್ರತಿಧ್ವನಿಯಿಲ್ಲ, ಆದ್ದರಿಂದ ಕಪ್ಪು. ಅದರ ಮೇಲ್ಮೈ ಒಂದು ಗಡಿ, ಮೂಳೆ ಸೇರುವ ಜಾಗ ಇನ್ನೊಂದು ಗಡಿ. ಅವೇ ಆ ಬಿಳಿ ಗೆರೆಗಳು.

ಮೊದಲ ಹಂತದ ಹಾನಿ ಹೇಗೆ ಕಾಣುತ್ತದೆ ಎಂಬುದಕ್ಕೆ ಅಡುಗೆಮನೆಯ ಸ್ಟೀಲ್ ತಟ್ಟೆ ತನ್ನಿ. ಹೊಸ ತಟ್ಟೆಯಲ್ಲಿ ಮುಖ ಕಾಣುತ್ತದೆ, ನಾರಿನಿಂದ ತಿಕ್ಕಿ ತಿಕ್ಕಿ ಹಳತಾದದ್ದರಲ್ಲಿ ಬರೀ ಮಸುಕು. ಲೋಹ ಅಷ್ಟೇ ಇದೆ, ಮೇಲ್ಮೈ ಕೆಟ್ಟಿದೆ. ಅದೇ ರೀತಿ ಮೃದ್ವಸ್ಥಿ ಇನ್ನೂ ತೆಳುವಾಗುವ ಮುನ್ನವೇ ಮೇಲಿನ ಬಿಳಿ ಗೆರೆ ಚೂಪು ಕಳೆದುಕೊಳ್ಳುತ್ತದೆ, ಕಪ್ಪು ಪಟ್ಟಿಯೊಳಗೆ ಬೂದು ಮಸುಕು ಕಾಣಿಸುತ್ತದೆ. ಪಟ್ಟಿ ಕಿರಿದಾಗುವುದು ಆಮೇಲೆ, ಇಲ್ಲವಾಗುವುದು ಕೊನೆಗೆ. ಎಕ್ಸ್-ರೇಗೆ ಸಿಗದ ಆ ಮೊದಲ ಹೆಜ್ಜೆ ಇಲ್ಲಿ ಸಿಗಬಹುದು ಎಂಬುದೇ ಈ ವಿಧಾನದ ಮೇಲಿನ ಆಸಕ್ತಿಗೆ ಕಾರಣ.

ಲೆಕ್ಕವನ್ನೂ ಇದರಲ್ಲೇ ಮಾಡಿಸಬಹುದು. ಕಿವಿಗೆ ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ 0.1 ಸೆಕೆಂಡ್ ಅಂತರ ಬೇಕು, ಅಂದರೆ ಗೋಡೆ 17.2 ಮೀಟರ್ ದೂರವಿರಬೇಕು ಎಂದು ಮಕ್ಕಳು ಕಲಿತಿರುತ್ತಾರೆ. ಮಂಡಿಯಲ್ಲಿ ಪದರದ ದಪ್ಪ 2 ಮಿ.ಮೀ. ಎಂದುಕೊಳ್ಳಿ. ಹೋಗಿ ಬರುವ ದಾರಿ 4 ಮಿ.ಮೀ. ಮೃದ್ವಸ್ಥಿಯಲ್ಲಿ ಧ್ವನಿಯ ವೇಗ ಸುಮಾರು 1600 ಮೀ/ಸೆ. ಎಂದಿಟ್ಟರೆ ಎರಡು ಗೆರೆಗಳ ನಡುವಿನ ಕಾಲ 0.0000025 ಸೆಕೆಂಡ್. ಅಷ್ಟು ಸಣ್ಣ ಅಂತರವನ್ನು ಯಂತ್ರ ಅಳೆಯುತ್ತದೆ. ಇನ್ನು ಆವೃತ್ತಿ: ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವ 3.5 ಮೆಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 0.44 ಮಿ.ಮೀ.; 2 ಮಿ.ಮೀ. ಪದರಕ್ಕೆ ಅದು ತೀರ ಒರಟು ಅಳತೆಗೋಲು. 12 ಮೆಗಾಹರ್ಟ್ಸ್‌ನಲ್ಲಿ 0.13 ಮಿ.ಮೀ. ಆವೃತ್ತಿ ಹೆಚ್ಚಿದಷ್ಟೂ ಧ್ವನಿ ಆಳಕ್ಕೆ ಇಳಿಯದು. ಮಂಡಿಯ ಮೃದ್ವಸ್ಥಿ ಚರ್ಮಕ್ಕೆ ಹತ್ತಿರವಿರುವುದರಿಂದ ಇಲ್ಲಿ ಅದು ತೊಡಕಲ್ಲ.

ಮಿತಿಗಳನ್ನು ಹೇಳದೆ ಪಾಠ ಮುಗಿಸಬಾರದು. ಧ್ವನಿ ಮೂಳೆಯನ್ನು ದಾಟದು. ನಿಂತಾಗ ಭಾರ ಹೊರುವ ಭಾಗದಲ್ಲಿ ಬಹಳಷ್ಟು ಮೂಳೆಗಳ ಮರೆಯಲ್ಲೇ ಉಳಿಯುತ್ತದೆ. ಬಿಗಿತದಿಂದ ಮಂಡಿ ಮಡಿಸಲಾಗದವರಲ್ಲಿ ಕಾಣುವುದು ಇನ್ನೂ ಕಡಿಮೆ. ಹಿಡಿಯನ್ನು ಪದರಕ್ಕೆ ಲಂಬವಾಗಿ ಇಡದಿದ್ದರೆ ಒಳ್ಳೆಯ ಮೃದ್ವಸ್ಥಿಯ ಗೆರೆಯೂ ಮಸುಕಾಗುತ್ತದೆ. ಇಲ್ಲಿ ಪರಾವರ್ತನೆಯ ನಿಯಮವನ್ನು ಮತ್ತೆ ನೆನಪಿಸಬಹುದು. 2012ರಲ್ಲಿ ಫಿನ್ಲೆಂಡಿನ ಸಂಶೋಧಕರು ಮಂಡಿನೋವಿದ್ದವರ ಸ್ಕ್ಯಾನಿಂಗನ್ನು, ಕೀಲಿನೊಳಗೆ ದರ್ಶಕ ಇಳಿಸಿ ಕಣ್ಣಾರೆ ಕಂಡದ್ದರ ಜೊತೆ ಹೋಲಿಸಿದರು. ಸ್ಕ್ಯಾನಿಂಗ್‌ನಲ್ಲಿ ಹಾನಿ ಕಂಡರೆ ಬಹುಮಟ್ಟಿಗೆ ನಂಬಬಹುದು, ಕಾಣದಿದ್ದರೆ ಹಾನಿಯೇ ಇಲ್ಲ ಎನ್ನುವಂತಿಲ್ಲ ಎಂಬುದು ಅವರ ತೀರ್ಮಾನ. ಎಕ್ಸ್-ರೇಗೆ ಹೇಳಿದ ಮಾತೇ ಇದಕ್ಕೂ ಅನ್ವಯಿಸಿತು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಇಲ್ಲಿ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ 1.5 ಮಿ.ಗ್ರಾಂ. ಕೊನೆಯ ಮಿತಿ; ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೋಸಿಸ್ ಬಂದು ಕೀಲು ಬಿಗಿಯುತ್ತದೆ, ನೋಯುತ್ತದೆ. ಆದ್ದರಿಂದ ಮಗು ‘ನಮ್ಮಜ್ಜಿಗೂ ಮೃದ್ವಸ್ಥಿ ಸವೆದಿದೆಯಾ ಸಾರ್?’ ಎಂದು ಕೇಳಿದರೆ ಹೌದೆನ್ನುವುದೂ ಬೇಡ, ಇಲ್ಲವೆನ್ನುವುದೂ ಬೇಡ. ವೈದ್ಯರಿಗೆ ತೋರಿಸಲಿ ಎನ್ನಿ. ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಮಾತ್ರೆಯಿಲ್ಲ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಹೆಚ್ಚಿದ್ದವರು ಇಳಿಸುವುದು, ಇವು ನೋವು ತಗ್ಗಿಸುತ್ತವೆ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಗೌರಿಬಿದನೂರಿನ ಶಾಲೆಗಳಿಗೆ ಹೋಗುವವರು ವಿಸ್ತರಣೆಯ ಹಂತದಲ್ಲಿ ಅಲ್ಲಿನ ಭೂಕಂಪನ ಮಾಪಕಗಳ ಜಾಲವನ್ನು ಸೇರಿಸಿಕೊಳ್ಳಿ. ಭಾಭಾ ಪರಮಾಣು ಸಂಶೋಧನಾ ಕೇಂದ್ರ 1960ರ ದಶಕದಲ್ಲಿ ಸ್ಥಾಪಿಸಿದ ಅದು ಭೂಕಂಪ, ಭೂಗತ ಅಣುಸ್ಫೋಟಗಳಿಂದ ಬರುವ ಅಲೆಗಳನ್ನು ಆಲಿಸುತ್ತದೆ. ಮಂಡಿಯ ಯಂತ್ರ ತಾನೇ ಕೂಗಿ ತಾನೇ ಕೇಳುತ್ತದೆ, ಈ ಜಾಲ ಕೇಳುತ್ತದೆ ಮಾತ್ರ. ಈ ವ್ಯತ್ಯಾಸವನ್ನು ಮಕ್ಕಳೇ ಹೇಳುವಂತೆ ಮಾಡಿದರೆ ಚೆನ್ನ.

ಯಂತ್ರವನ್ನೇ ತರಗತಿಗೆ ತರಿಸಬಹುದೇ ಎಂದು ಉತ್ಸಾಹಿಗಳು ಕೇಳುತ್ತಾರೆ. ಆಗದು. ಹೆಣ್ಣುಭ್ರೂಣ ಹತ್ಯೆ ತಡೆಯಲು ಬಂದ 1994ರ ಪ್ರಸವಪೂರ್ವ ಪತ್ತೆ ಕಾಯ್ದೆಯ ಅಡಿಯಲ್ಲಿ ಈ ಯಂತ್ರಗಳು ನೋಂದಾಯಿತ ಜಾಗದಲ್ಲೇ ಇರಬೇಕು. ಮಂಡಿ ನೋಡುವುದಕ್ಕೆಂದು ತಂದರೂ ಶಾಲೆಯ ವಸ್ತುಪ್ರದರ್ಶನಕ್ಕೆ ಒಯ್ಯುವಂತಿಲ್ಲ. ‘ಬಸುರಿಯರಿಗೆ’ ಎಂದು ಮೊದಲು ಉತ್ತರಿಸಿದ ಮಕ್ಕಳಿಗೆ ಈ ಕಾನೂನು ಏಕೆ ಬಂತೆಂದು ಹೇಳಲು ಇದೇ ಸಮಯ. ಮೌಲ್ಯಮಾಪನಕ್ಕೆ ನಾನು ಸೂಚಿಸುವುದು ಒಂದೇ ಚಟುವಟಿಕೆ: ಬಿಳಿ ಹಾಳೆಯಲ್ಲಿ ಎರಡು ಗೆರೆ, ನಡುವೆ ಕಪ್ಪು ಪಟ್ಟಿ ಬರೆಸಿ, ಪಕ್ಕದಲ್ಲಿ ಮೇಲಿನ ಗೆರೆ ಮಸುಕಾದ ಇನ್ನೊಂದು ಚಿತ್ರ ಬರೆಸಿ, ಎರಡರಲ್ಲೂ ಎಕ್ಸ್-ರೇ ಒಂದೇ ತೆರನಾಗಿ ಬರಬಹುದು, ಏಕೆ ಎಂದು ಎರಡು ವಾಕ್ಯದಲ್ಲಿ ವಿವರಿಸಲು ಹೇಳಿ.